ಮುನ್ನೂರು ಮಂದಿಯ ಕೊಪ್ಪರಿಗೆ

“ತೊಳ್ಯಾಕ ಬಂದಾಗ ಮುಟ್ಟು, ಯಾರ ಬ್ಯಾಡಂತಾರ? ಈಗ ದೂರ ನಿಂತ ಮಾತಾಡ. ಗಿರಾಕಿ ಬರೂ ಹೊತ್ತ ಇದು.”

ಚನಬಸಪ್ಪ ತಲೆ ಎತ್ತದೆ, ಮೊಬೈಲಿನ ಮೇಲೆ ಬೆರಳಾಡಿಸುತ್ತಲೇ ಇಷ್ಟು ಹೇಳಿದ. ಕೊಪ್ಪರಿಗೆಯ ಕಿವಿ ಹಿಡಿದು ನಿಂತಿದ್ದ ಕೆಂಚವ್ವ ಕೈ ತೆಗೆದಳು. ತೆಗೆದ ಮೇಲೆ ಯಾಕಾದರೂ ತೆಗೆದೆನೋ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಹನ್ನೆರಡು ವರ್ಷದಿಂದ ಅದೇ ಕೊಪ್ಪರಿಗೆಯೊಳಗೆ ಸೊಂಟದ ತನಕ ಬಗ್ಗಿ ತಳ ಉಜ್ಜಿದವಳು ಅವಳು. ಹೊರಗೆ ದೂರ ನಿಲ್ಲುವುದು ಎಲ್ಲಿಯದು?

“ನಾನೂ ಗಿರಾಕೀನ ಆಗಿ ಬಂದೇನ್ರಿ ಸಾವಕಾರ್ರ. ನಮ್ಮ ಮೇಘಾನ ಮದವಿ ಐತ್ರಿ, ಇಪ್ಪತ್ತೆರಡಕ್ಕ. ಮುನ್ನೂರ ಮಂದಿ ಅಡಗೀಗೆ ಈ ಕೊಪ್ಪರಿಗೀನ ಬೇಕ್ರಿ.”

ಚನಬಸಪ್ಪ ಆಗ ತಲೆ ಎತ್ತಿದ. ಹಳಿಯಾಳದ ಪೇಟೆಯಲ್ಲಿ ಅಡುಗೆಯ ಭಾಂಡೆ, ಪೆಂಡಾಲು, ಕುರ್ಚಿ ಬಾಡಿಗೆಗೆ ಕೊಡುವವರಲ್ಲಿ ಅವನೇ ದೊಡ್ಡವನು. ಅಂಗಡಿಯ ಹಿಂದೆ ಅವನದೇ ಮಂಗಲ ಕಾರ್ಯಾಲಯ. ಮಾತೆತ್ತಿದರೆ ಶರಣರು, ಸಮಾನತೆ ಅನ್ನುವವನು, ವರ್ಷಕ್ಕೊಮ್ಮೆ ಅದರ ಬಗ್ಗೆ ಮೈಕಿನಲ್ಲಿ ಭಾಷಣವನ್ನೂ ಮಾಡುವವನು. ಇಪ್ಪತ್ತೆರಡನೇ ತಾರೀಖು ಎಲ್ಲಾ ಸಾಮಾನೂ ಬುಕ್ ಆಗಿದೆಯೆಂದ. ಎದುರಿಗಿದ್ದ ರಿಜಿಸ್ಟರ್ ತೆಗೆದು ನೋಡುವಷ್ಟು ತ್ರಾಸನ್ನೂ ತೆಗೆದುಕೊಳ್ಳಲಿಲ್ಲ.

ಹಳಿಯಾಳದಲ್ಲಿ ಮದುವೆಗೆ ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಎಂದು ಕೆಂಚವ್ವನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಎಂಜಲು ಬಳಿಯುವವಳಿಗೆ ಗೊತ್ತಿರುವುದು ಊಟ ಮಾಡಿ ಹೋದವರಿಗೆ ಗೊತ್ತಿರುವುದಿಲ್ಲ. ಯಾವ ಅಡುಗೆಯವನು ಬೆಳಿಗ್ಗೆಯ ಸಾರಿಗೆ ಸಂಜೆ ನೀರು ಬೆರೆಸುತ್ತಾನೆ, ಯಾವನ ಬದನೆಕಾಯಿ ಪಲ್ಯ ಎಲೆಯಲ್ಲೇ ಉಳಿಯುತ್ತದೆ, ಯಾವ ಪೆಂಡಾಲಿನವನು ಗಾಳಿ ಬಂದರೆ ಹಗ್ಗ ಬಿಟ್ಟು ಓಡುತ್ತಾನೆ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ. ಗೌಡರ ಮನೆಯ ಹೆಂಗಸರೇ ಹಿತ್ತಲ ಬಾಗಿಲಿಗೆ ಕರೆದು ಕೇಳುತ್ತಿದ್ದರು. ಇವಳು ಹೇಳಿದವರನ್ನೇ ಗೊತ್ತು ಮಾಡಿ ಊರ ಮುಂದೆ ಮೀಸೆ ತಿರುವಿಕೊಂಡ ಗಂಡಸರೂ ಇದ್ದರು.

ಮಗಳ ಮದುವೆ ಗೊತ್ತಾದಾಗ ಅವಳು ಮೊದಲು ಸೀರೆ ತಂದಳು, ಕಾಲುಂಗುರ ತಂದಳು, ಬೀಗರಿಗೆ ದಾಂಡೇಲಿಯಿಂದ ಬರಲು ಗಾಡಿ ಹೇಳಿದಳು. ಭಾಂಡೆಯನ್ನು ಕಡೆಗೆ ಇಟ್ಟುಕೊಂಡಳು. ಅದೇನು ಕೇಳುವ ಮಾತೇ, ಕೈಯಲ್ಲೇ ಇದೆಯಲ್ಲ ಅಂದುಕೊಂಡಿದ್ದಳು. ಹನ್ನೆರಡು ವರ್ಷ ತಿಕ್ಕಿದ ಭಾಂಡೆ ತನ್ನವೇ ಎಂಬ ಭ್ರಮೆ ಆ ಹೆಂಗಸಿಗೆ ಹೇಗೆ ಬಂತೋ.

ಮೇಘಾ ಬಸ್‌ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಬಿ.ಕಾಂ. ಓದಿದವಳು. ಅವ್ವ ಬಂದು ಹೇಳಿದ್ದನ್ನೆಲ್ಲ ಕೇಳಿ ಮರುದಿನ ಚನಬಸಪ್ಪನ ಅಂಗಡಿಗೆ ಫೋನ್ ಹಚ್ಚಿದಳು. ಅದೇ ತಾರೀಖು, ಅದೇ ಮುನ್ನೂರು ಮಂದಿ. ಆ ಕಡೆಯಿಂದ ಚನಬಸಪ್ಪನ ದನಿ ಬೆಲ್ಲದಂತೆ ಬಂತು. ಎಲ್ಲಾ ಐತ್ರಿ, ನಮ್ಮ ಕೊಪ್ಪರಿಗೆಯಂಥ ಕೊಪ್ಪರಿಗೆ ಧಾರವಾಡದಲ್ಲೂ ಇಲ್ಲರಿ, ಗಾಡಿ ಎಲ್ಲಿಗೆ ಕಳಿಸಬೇಕ್ರಿ ಎಂದ. ಗಾಡಿ ಬಂದು ನಿಲ್ಲಲು ಒಂದು ಜಾಗ ಹೇಳಲೇಬೇಕಲ್ಲ. ಮೇಘಾ ಹೇಳಿದಳು, ಜನತಾ ಪ್ಲಾಟು, ನೀರಿನ ಟಾಕಿ ದಾಟಿ ಎಡಕ್ಕೆ. ಆ ಕಡೆ ಫೋನು ಸತ್ತಂತಾಯಿತು. ಊರಲ್ಲಿ ಯಾರ ಮನೆಗಳನ್ನು ನೀರಿನ ಟಾಕಿಯ ಆಚೆ ಕಟ್ಟಿಸಿಕೊಟ್ಟಿದ್ದಾರೆಂದು ಹಳಿಯಾಳದ ಕೂಸಿಗೂ ಗೊತ್ತು. ಹತ್ತು ನಿಮಿಷಕ್ಕೆ ಅವನೇ ತಿರುಗಿ ಫೋನ್ ಮಾಡಿ, ಕೊಪ್ಪರಿಗೆಗೆ ತೂತು ಬಿದ್ದಿದೆ, ರಿಪೇರಿಗೆ ಬೆಳಗಾವಿಗೆ ಹೋಗಿದೆ ಎಂದ.

“ತೂತ?” ಎಂದಳು ಕೆಂಚವ್ವ. “ಮೊನ್ನೆ ಆಯಿತವಾರ ನಾ ಅದರಾಗ ಕುಂತ ತಿಕ್ಕೇನಲೇ. ನನ್ನ ಕಣ್ಣಿಗಿ ಕಾಣದ ತೂತ ಅವಂಗ ಎಲ್ಲಿ ಕಂಡತ?”

ಮೇಘಾ ಪೊಲೀಸರಿಗೆ ಹೇಳೋಣ ಎಂದಳು. ಅವಳ ಅಪ್ಪ ಶೇಖಪ್ಪ ನಕ್ಕ. ಅವನು ಕಬ್ಬು ಕಡಿಯುವವನು, ಸಕ್ಕರೆ ಕಾರ್ಖಾನೆಯ ಹಂಗಾಮು ಮುಗಿದು ಮನೆಯಲ್ಲಿದ್ದ. ಏನೆಂದು ಬರೆಸುತ್ತೀ ಎಂದು ಮಗಳನ್ನೇ ಕೇಳಿದ. ಜಾತಿ ಹಿಡಿದು ಬೈದನೇ? ಇಲ್ಲ. ಹೊಡೆದನೇ? ಇಲ್ಲ. ಕೊಪ್ಪರಿಗೆಗೆ ತೂತು ಬಿದ್ದರೆ ಅದಕ್ಕೆ ಯಾವ ಕಲಮು ಹಚ್ಚುತ್ತಾರೆ? ಮೊದಲಿನವರು ಬಾಯಿ ಬಿಟ್ಟು ಬೈಯುತ್ತಿದ್ದರು, ತಿರುಗಿ ಬೈಯಲಿಕ್ಕೆ ಅನುಕೂಲವಿತ್ತು. ಈಗಿನವರು ನಕ್ಕು, ರೀ ಹಚ್ಚಿ, ತಾರೀಖು ಫುಲ್ ಅನ್ನುತ್ತಾರೆ.

ಅಡುಗೆಯವನಾದರೂ ಸಿಗಲಿ ಎಂದು ಕೆಂಚವ್ವ ಈರೇಶನ ಮನೆಗೆ ಹೋದಳು. ಮದುವೆ ಅಡುಗೆ ಹಿಡಿಯುವ ಈರೇಶನ ಕೈಕೆಳಗೇ ಅವಳು ಭಾಂಡೆ ತಿಕ್ಕುತ್ತಿದ್ದುದು. ಕೆಟ್ಟವನಲ್ಲ, ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಜಾತಿಯವನು. ತನಗೇನೂ ಇಲ್ಲ, ತನ್ನ ಹುಡುಗರು ನಿಮ್ಮ ಓಣಿಗೆ ಬರುವುದಿಲ್ಲ, ಬಂದರೆ ಮುಂದಿನ ಮದುವೆಗಳು ಕೈಬಿಡುತ್ತವೆ ಎಂದು ಕಟ್ಟೆಯ ಮೇಲೆ ಕೂತು ನೆಲ ನೋಡುತ್ತ ಹೇಳಿದ. ಆಮೇಲೆ ಅವನಿಗೇ ಒಂದು ಉಪಾಯ ಹೊಳೆಯಿತು.

“ಒಂದ ಕೆಲಸ ಮಾಡೂಣು. ಅಡಗಿ ಇಲ್ಲೇ ಮಾಡಿ ಪ್ಯಾಕ್ ಮಾಡಸ್ತೀನಿ. ನಮ್ಮ ಗಾಡಿ ದಾಂಡೇಲಿ ರೋಡಿಗೆ ನಿಂದರಸ್ತೀನಿ. ನೀವ ಬಂದ ಇಳಿಸ್ಕೊಂಡ ಹೋಗ್ರಿ. ಯಾರಿಗೂ ತಿಳ್ಯಾಂಗಿಲ್ಲ.”

“ಕಳುವಿನ ಮಾಲ ಇಳಿಸ್ಕೊಂಡಂಗ?” ಎಂದಳು ಕೆಂಚವ್ವ.

ಈರೇಶನ ಹೆಂಡತಿ ಒಳಗಿನಿಂದ ಚಹಾ ತಂದಳು, ಪೇಪರ್ ಕಪ್ಪಿನಲ್ಲಿ. ಈರೇಶನದು ಸ್ಟೀಲಿನ ಲೋಟ. ಕೆಂಚವ್ವ ಚಹಾ ಕಟ್ಟೆಯ ಮೇಲೇ ಬಿಟ್ಟು ಬಂದಳು.

ಶೇಖಪ್ಪ ಭಾಂಡೆ ಕೇಳಲು ದಾಂಡೇಲಿ ಆಚೆಯ ರಾಮನಗರಕ್ಕೆ ಹೋಗಿ ಬಂದ. ಅಲ್ಲಿ ಯಾರಿಗೂ ನಮ್ಮ ಗುರುತಿಲ್ಲ ಎಂದು ಹೋಗಿದ್ದ. ಅಂಗಡಿಯವನು ಕೊಡುತ್ತೇನೆಂದು ಚಹಾ ತರಿಸಿ, ಕುಡಿಯುವಾಗ ಸಹಜವಾಗಿ, ನೀವು ಯಾರ ಪೈಕಿ ಎಂದು ಕೇಳಿದನಂತೆ. ಶೇಖಪ್ಪನಿಗೆ ಸುಳ್ಳು ಬಾಯಿಗೆ ಬಂತಂತೆ, ಆದರೆ ಅಡ್ಡ ಹೆಸರು ಯಾವುದು ಹೇಳಬೇಕೆಂದು ತಿಳಿಯದೆ ತೊದಲಿದನಂತೆ. ಅಷ್ಟು ಸಾಕಾಯಿತು. ಬಸ್ಸಿನ ದಾರಿಯುದ್ದಕ್ಕೂ ಆ ಸೂಳೇಮಗನನ್ನು ಬೈದೆ ಎಂದು ಮನೆಗೆ ಬಂದು ಹೇಳಿದ. ಕೆಂಚವ್ವನಿಗೆ ಗಂಡನ ಮೇಲೂ ಸಿಟ್ಟು ಬಂತು. ಬಸ್ಸಿನಲ್ಲಿ ಬೈದರೆ ಕಂಡಕ್ಟರ್ ಕೇಳಿಸಿಕೊಂಡಾನು, ಅಷ್ಟೇ.

ಮದುವೆಗೆ ಒಂಬತ್ತು ದಿನ ಉಳಿದಾಗ ಚನಬಸಪ್ಪ ತಾನೇ ಹೇಳಿಕಳಿಸಿದ. ಕೆಂಚವ್ವ ಆಸೆಯಿಂದಲೇ ಹೋದಳು. ಆಸೆ ಅನ್ನುವುದು ಎಷ್ಟು ಉಗಿದರೂ ಹೋಗದ ಬಡ್ಡೀಮಗ. ಚನಬಸಪ್ಪ ಅವಳನ್ನು ಗೋದಾಮಿನ ಹಿಂದೆ, ತಗಡಿನ ಮರೆಗೆ ಕರೆದುಕೊಂಡು ಹೋದ. ಅಲ್ಲಿ ಗೋಣಿತಾಟಿನ ಕೆಳಗೆ ಒಂದು ರಾಶಿ ಅಲ್ಯುಮಿನಿಯಂ ಭಾಂಡೆ ಇತ್ತು. ಹೊಗೆ ಹಿಡಿದು ಕರಿಯಾಗಿದ್ದವು, ಒಂದರ ಕಿವಿಯೂ ನೆಟ್ಟಗಿರಲಿಲ್ಲ. ಪ್ರತಿಯೊಂದರ ಕಂಠದ ಸುತ್ತ ಕೆಂಪು ಬಣ್ಣದ ಗೆರೆ ಎಳೆದಿತ್ತು.

“ಇವು ನಿಮ್ಮ ಮಂದೀಗೇ ಅಂತ ಇಟ್ಟಾವು. ಉಳದ ಭಾಂಡೇದಾಗ ಕಲೀಬಾರದಂತ ಗುರತ ಹಾಕೇನಿ. ಬಾಡಿಗಿ ಅಷ್ಟ. ಯಾರ ಮುಂದೂ ಆಡಬ್ಯಾಡ, ಜನ ತಪ್ಪ ತಿಳಕೋತಾರ.”

ಹನ್ನೆರಡು ವರ್ಷ ಆ ಅಂಗಡಿಯ ಭಾಂಡೆ ತಿಕ್ಕಿದವಳು ಈ ರಾಶಿಯನ್ನು ಒಂದು ದಿನವೂ ಕಂಡಿರಲಿಲ್ಲ. ಇವನ್ನು ಯಾರೂ ತೊಳೆಸುತ್ತಲೇ ಇರಲಿಲ್ಲ. ವಿಚಾರ ಮಾಡಿ ಹೇಳುತ್ತೇನೆಂದು ಕೆಂಚವ್ವ ಮನೆಗೆ ಬಂದಳು. ಪಕ್ಕದ ಮನೆಯ ಶಂಕ್ರವ್ವ, ಜೊತೆಗೇ ಭಾಂಡೆ ತಿಕ್ಕುವ ಮುದುಕಿ, ಎಲ್ಲಾ ಕೇಳಿ ನಿಧಾನಕ್ಕೆ ಎಲೆ ಅಡಿಕೆ ಹಾಕಿಕೊಂಡಳು. ತನ್ನ ಮಗನ ಮದುವೆಗೂ ಅವೇ ಬಂದಿದ್ದವು ಎಂದಳು. ಕೆಂಪು ಗೆರೆ ಕಾಣದ ಹಾಗೆ ಸುತ್ತ ಮಾವಿನೆಲೆಯ ಸರ ಕಟ್ಟಿದೆ, ಬೀಗರು ಚಂದ ಐತಿ ಅಂದರು, ಉಂಡುಹೋದ ನಿನಗೂ ತಿಳಿಯಲಿಲ್ಲ, ನೀನೂ ಹಾಗೇ ಮಾಡು ಎಂದಳು.

ಕೆಂಚವ್ವ ಮಾವಿನೆಲೆಯ ವಿಚಾರ ಮಾಡಿದ್ದು ಸುಳ್ಳಲ್ಲ. ಆದರೆ ಒಳಗೆ ಕೂತಿದ್ದ ಮೇಘಾ ಎದ್ದು ಬಾಗಿಲಿಗೆ ಬಂದಳು. ದನಿ ಏರಿಸಲಿಲ್ಲ.

“ಯವ್ವಾ, ಆ ಗೆರೀ ಭಾಂಡೇದಾಗ ಅಡಗಿ ಮಾಡಿದ್ರ ನಾ ತಲಿ ಮ್ಯಾಲ ಅಕ್ಕಿಕಾಳ ಹಾಕಿಸ್ಕೊಳ್ಳೂದಿಲ್ಲ. ಅಜಯಗೂ ಹೇಳೇನಿ.”

ಅಜಯ ಮದುವೆಯಾಗುವ ಹುಡುಗ, ದಾಂಡೇಲಿಯಲ್ಲಿ ಗುತ್ತಿಗೆ ಕೆಲಸದವನು. ಅವನೂ ಹೂಂ ಅಂದಿದ್ದನಂತೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅನ್ನುತ್ತಾರೆ. ಮನೆಯನ್ನೇನೋ ಸರ್ಕಾರ ಕಟ್ಟಿಕೊಟ್ಟಿತ್ತು, ಟಾಕಿಯ ಆಚೆ. ಮದುವೆ ಒಂದು ಕೊಪ್ಪರಿಗೆಗೆ ಬಂದು ನಿಂತಿತ್ತು. ಆ ರಾತ್ರಿ ಕೆಂಚವ್ವ ಮಗಳಿಗೆ ಬೈದಳು, ಗಂಡನಿಗೆ ಬೈದಳು, ಹೊಟ್ಟೆಗೇನೂ ತಿನ್ನದೆ ಮಲಗಿದಳು. ಬೈಯಬೇಕಾದವನಿಗೆ ಮಾತ್ರ ಇನ್ನೂ ಬೈದಿರಲಿಲ್ಲ.

ಹದಿನಾರನೇ ತಾರೀಖು ಚನಬಸಪ್ಪನ ಅಣ್ಣನ ಮಗಳು ಸುಮಿತಾಳ ಮದುವೆ, ಅವನದೇ ಕಾರ್ಯಾಲಯದಲ್ಲಿ. ಕೆಂಚವ್ವ ಎಂದಿನಂತೆ ಹೋದಳು. ಕೂಲಿ ಬಿಟ್ಟರೆ ನಡೆಯುವ ಮನೆಯಲ್ಲ ಅದು. ಹಿತ್ತಲಿನ ನಲ್ಲಿಯ ಕೆಳಗೆ ಕೊಪ್ಪರಿಗೆ ಮಲಗಿಸಿಕೊಂಡು ಅವಳೂ ಶಂಕ್ರವ್ವನೂ ತಿಕ್ಕುತ್ತಿದ್ದರು. ಬೆಳಗಾವಿಗೆ ಹೋದ ಕೊಪ್ಪರಿಗೆ ಅದೇ. ಕೆಂಚವ್ವ ತಳವನ್ನು ಬೆರಳಿನಿಂದ ಇಂಚಿಂಚೂ ತಡವಿ ನೋಡಿದಳು. ತೂತೂ ಇಲ್ಲ, ಬೆಸುಗೆಯ ಗುರುತೂ ಇಲ್ಲ.

ಅಷ್ಟರಲ್ಲಿ ಚನಬಸಪ್ಪ ಒಬ್ಬ ಹೆಂಗಸನ್ನು ಹಿತ್ತಲಿಗೆ ಕರೆತಂದ. ಮುಂಡಗೋಡ ಕಡೆಯ ಸುನಂದಾ ಎಂಬುವವರು, ಮಗನ ಮದುವೆಗೆ ಕಾರ್ಯಾಲಯ, ಭಾಂಡೆ ಎಲ್ಲಾ ಗೊತ್ತು ಮಾಡಲು ಬಂದಿದ್ದರು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಕೊಪ್ಪರಿಗೆಯೊಳಗೆ ಇಣುಕಿದರು. ಕನ್ನಡಿ ಆಗಿದೆಯಲ್ಲರಿ ಎಂದು ಮೆಚ್ಚಿಕೊಂಡರು. ಆಮೇಲೆ, ನಮ್ಮಲ್ಲಿ ಮಡಿ ಜಾಸ್ತಿ, ತೊಳೆಯುವವರು ಯಾರು ಎಂದು ಕೇಳಿದರು. ತೊಳೆಯುವವರು ಕಾಲ ಬುಡದಲ್ಲೇ ಕೂತಿದ್ದರು.

“ಎಲ್ಲಾ ನಮ್ಮ ಮನೀ ಮಂದೀರಿ ಅಕ್ಕಾರ. ಹೊರಗಿನವ್ರನ ನಾವು ಮುಟ್ಟಗೊಡಂಗಿಲ್ಲ,” ಎಂದ ಚನಬಸಪ್ಪ.

ಅವರು ಊಟದ ಮನೆಗೆ ಹೋದರು. ಶಂಕ್ರವ್ವ ತಲೆ ಬಗ್ಗಿಸಿ ಬೂದಿ ಹಚ್ಚುತ್ತಲೇ ಇದ್ದಳು. ಕೆಂಚವ್ವನ ಕೈ ಮಾತ್ರ ನಿಂತುಬಿಟ್ಟಿತು. ಎದ್ದಳು. ನಲ್ಲಿಗೆ ಕೈಯೊಡ್ಡಿ ಮೊಣಕೈ ತನಕ ಸಾಬೂನು ಹಚ್ಚಿ ತೊಳೆದಳು, ಮುಖ ತೊಳೆದಳು, ಸೆರಗಿನಿಂದ ಒರೆಸಿಕೊಂಡು ಅದನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಡುಗೆಮನೆಯ ಬಾಗಿಲಲ್ಲಿ ಬಡಿಸುವವರಿಗೆಂದು ಗೋಧಿ ಹುಗ್ಗಿಯ ಬಕೀಟು ತುಂಬಿಟ್ಟಿತ್ತು. ಎತ್ತಿಕೊಂಡಳು.

ಈರೇಶ ನೋಡಿದ. ಎಲ್ಲಿಗೆ ಎಂದು ಕೇಳಿದ.

“ಬಡಸಾಕ,” ಎಂದಳು.

“ಕೆಂಚವ್ವಾ, ಹುಚ್ಚ ಹಿಡದೈತೇನ? ತಿಕ್ಕೂದ ಬ್ಯಾರೆ, ಬಡಸೂದ ಬ್ಯಾರೆ. ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ.”

ಅವನು ಬಕೀಟಿನ ಹಿಡಿಕೆಗೆ ಕೈ ಹಾಕಿದ. ಕೆಂಚವ್ವ ಅವನನ್ನು ನೋಡಿದಳು ಅಷ್ಟೇ. ಅವನ ಕೈ ತಾನಾಗಿ ಸಡಿಲವಾಯಿತು. ಗದ್ದಲ ಮಾಡಿದರೆ ಪಂಗತಿಯಲ್ಲಿ ಕೂತವರಿಗೆಲ್ಲ ಗೊತ್ತಾಗುತ್ತದೆಂದು ಅವನಿಗೂ ಹೊಳೆದಿರಬೇಕು.

ಊಟದ ಮನೆಯಲ್ಲಿ ನೂರೈವತ್ತು ಎಲೆ. ಕೆಂಚವ್ವ ಕಡೆಯ ಸಾಲಿನಿಂದ ಶುರು ಮಾಡಿದಳು. ಮೊದಲ ಎಲೆಯ ಮುದುಕಿಗೆ ಒಂದು ಸೌಟು ಹಾಕಿದಳು, ಮುದುಕಿ ಇನ್ನೊಂದಿಷ್ಟು ಹಾಕವ್ವ ಅಂದಿತು. ಪಕ್ಕದವನು ತುಪ್ಪ ಬರಲಿಲ್ಲ ಎಂದು ಗೊಣಗಿದ. ಯಾರೂ ಮುಖ ನೋಡಲಿಲ್ಲ. ಪ್ರತಿ ಎಲೆಗೂ ಬಗ್ಗಿ ಕೆಂಚವ್ವ ಒಂದೇ ಮಾತು ಹೇಳುತ್ತ ಹೋದಳು, ಇಪ್ಪತ್ತೆರಡಕ್ಕೆ ನನ್ನ ಮಗಳ ಮದುವೆ, ಊಟಕ್ಕೆ ಬರಬೇಕು. ಜನ ತಿನ್ನುತ್ತಲೇ ಹೂಂ ಅಂದರು. ಯಾವ ಕಾರ್ಯಾಲಯ ಎಂದು ಒಬ್ಬಳು ಕೇಳಿದಳು. ಜನತಾ ಪ್ಲಾಟು ಎಂದಳು ಕೆಂಚವ್ವ. ಕೇಳಿದವಳ ಕೈ ಎಲೆಯ ಮೇಲೇ ನಿಂತಿತು. ಆ ನಿಲ್ಲುವಿಕೆ ಎಲೆಯಿಂದ ಎಲೆಗೆ ಹರಡುತ್ತ ಅವಳ ಹಿಂದೆಯೇ ಬಂತು. ಅವಳು ಮುಂದಿನ ಸಾಲಿಗೆ ಬರುವ ಹೊತ್ತಿಗೆ ಅರ್ಧ ಮನೆ ಗಪ್ಪಾಗಿತ್ತು.

ಮುಂದಿನ ಸಾಲಿನಲ್ಲಿ ಸುನಂದಾ, ಅವರ ಪಕ್ಕಕ್ಕೆ ಚನಬಸಪ್ಪ. ಅವನು ಆ ಕಡೆ ಮುಖ ತಿರುಗಿಸಿ ಮದುಮಗನ ಅಪ್ಪನೊಡನೆ ಮಾತಾಡುತ್ತಿದ್ದ. ಸುನಂದಾ ಹುಗ್ಗಿ ಹಾಕಿಸಿಕೊಂಡು, ಒಂದು ತುತ್ತು ಬಾಯಿಗಿಟ್ಟು, ಚಂದ ಆಗೈತಿ ಅನ್ನಲೆಂದು ತಲೆ ಎತ್ತಿದರು.

“ನೀವು ಹಿತ್ತಲದಾಗ ಭಾಂಡೆ ತೊಳೀತಿದ್ರೆಲ್ಲಾ?”

“ಹೌದ್ರಿ ಯಕ್ಕಾ. ಇವರ ಮನೀ ಮಂದಿ ಅಲ್ರಿ, ಟಾಕಿ ಆಚೆ ಓಣಿಯಾಕಿ ನಾನು, ಕೆಂಚವ್ವ. ಹನ್ನೆರಡ ವರ್ಷ ಆತು, ಈ ಮನೀ ಭಾಂಡೆಲ್ಲಾ ನಾನ ತೊಳದೇನಿ. ಇಲ್ಲಿ ಕುಂತಾವ್ರ ಉಂಡ ಎಲ್ಲಾ ಮದವೀದೂ.”

ಸುನಂದಾ ಅವರ ಬಾಯೊಳಗಿನ ತುತ್ತು ಅಲ್ಲೇ ಉಳಿಯಿತು. ನುಂಗಲಿಲ್ಲ, ಉಗುಳಲಿಲ್ಲ. ಚನಬಸಪ್ಪ ಈ ಕಡೆ ತಿರುಗಿದ. ಬಾಯಿ ತೆರೆದ, ಆದರೆ ಆ ನೂರೈವತ್ತು ಮಂದಿಯ ಮುಂದೆ ಏನೆಂದು ಬೈಯಬೇಕು? ಬೈದರೆ ಎಲ್ಲರ ಹೊಟ್ಟೆಯಲ್ಲಿ ಇದ್ದದ್ದು ಏನೆಂದು ತಾನೇ ಹೇಳಿದಂತಾಗುತ್ತದೆ.

“ಕೊಪ್ಪರಿಗಿ ತಡವಿ ನೋಡೇನ್ರಿ ಸಾವಕಾರ್ರ, ತೂತಿಲ್ಲ,” ಎಂದಳು ಕೆಂಚವ್ವ. “ಇಪ್ಪತ್ತೊಂದಕ್ಕ ಮುಂದಿನ ಬಾಗಲದಿಂದ ಒಯ್ತೀವಿ. ನೀವೂ ಊಟಕ್ಕ ಬರ್ರಿ.”

ಚನಬಸಪ್ಪ ಎಲೆಯ ಮೇಲೆ ಅಡ್ಡಗೈ ಹಿಡಿದ. ಕೆಂಚವ್ವ ಬಕೀಟಿನಿಂದ ಸೌಟು ತುಂಬಿ ತೆಗೆದು ಆ ಕೈಯ ಮೇಲೇ ಬಗ್ಗಿಸಿದಳು. ಹುಗ್ಗಿ ಅವನ ಉಂಗುರದ ಬೆರಳುಗಳ ಸಂದಿಯಲ್ಲಿ ಇಳಿದು ಎಲೆಗೆ ಬಿತ್ತು.