ಹನ್ನೊಂದು ನಿಮಿಷ ದೊಡ್ಡವಳು

ಚೆಸ್ ಪಂದ್ಯಾವಳಿಯ ನೋಂದಣಿ ಮೇಜಿನ ಮುಂದೆ ಅವಳಿ ಹುಡುಗಿಯರು ನಿಂತಿದ್ದರು. ಹಿಂದೆ ಅವರ ಅಮ್ಮ, ಹೊಲಿಗೆಯವಳು. ಅವಸರದಲ್ಲಿ ಹೊರಟು ಬಂದಿದ್ದರಿಂದ ರವಿಕೆಯ ತೋಳಿಗೆ ಚುಚ್ಚಿಕೊಂಡ ಗುಂಡುಸೂಜಿ ಹಾಗೇ ಇತ್ತು. ಮೇಜಿನಾಚೆ ಕೂತಿದ್ದ ತೀರ್ಪುಗಾರ್ತಿ ನಿವೃತ್ತ ಗಣಿತದ ಟೀಚರ್. ಎರಡೂ ಜನನಪತ್ರಗಳನ್ನು ಎರಡೆರಡು ಸಲ ಓದಿದರು.

"ಚಿಕ್ಕೋಳಿಗೆ ಕಿರಿಯರ ರಿಯಾಯಿತಿ ಸಿಗುತ್ತೆ. ದೊಡ್ಡೋಳಿಗಿಲ್ಲ."

"ಅದ್ಹೇಗೆ ಮೇಡಂ? ಇಬ್ರೂ ಒಂದೇ ರಾತ್ರಿ ಹುಟ್ಟಿದ್ದು!"

"ಜನವರಿ ಒಂದು, ಇಲ್ಲಾ ಅದಾದ್ಮೇಲೆ ಹುಟ್ಟಿರಬೇಕು ಅಂತ ನಿಯಮ. ಇವಳು ಡಿಸೆಂಬರ್ ಮೂವತ್ತೊಂದು, ಹನ್ನೊಂದು ಐವತ್ನಾಲ್ಕಕ್ಕೆ. ಅವಳು ಹನ್ನೆರಡು ಐದಕ್ಕೆ."

ಅಮ್ಮನ ಮುಖ ಬಾಡಿತು. ದೊಡ್ಡವರ ಶುಲ್ಕ ಅವಳ ಕೈಗೆ ಎಟುಕುವಂಥದ್ದಲ್ಲ.

"ನೀನಾಡು, ನಾನು ನೋಡ್ತೀನಿ," ಎಂದಳು ಅಕ್ಕ.

"ಹನ್ನೊಂದು ನಿಮಿಷಕ್ಕೇ ದಿನಾ ದೊಡ್ಡಸ್ತಿಕೆ ತೋರಿಸ್ತಿದ್ದೆಯಲ್ಲ, ಅನುಭವಿಸು!" ಎಂದ ತಂಗಿಯ ಕಣ್ಣಲ್ಲಿ ನೀರು ತುಂಬಿತ್ತು. "ನೀನಿಲ್ದೆ ನಾನೂ ಆಡಲ್ಲ."

ಸಾಲಿನಲ್ಲಿದ್ದ ಒಬ್ಬರು, "ನಿಮಿಷದ ಲೆಕ್ಕ ತಾನೆ, ಬಿಟ್ಬಿಡಿ ಮೇಡಂ," ಎಂದರು.

"ಬೆಳಗ್ಗೆ ವಯಸ್ಸು ಎರಡೇ ದಿನ ಹೆಚ್ಚಾಯ್ತು ಅಂತ ಒಬ್ಬಳಿಗೆ ಇಲ್ಲ ಅಂದಿದ್ದೀನಿ. ಅವಳ ಮುಖ ಹೇಗೆ ನೋಡ್ಲಿ?"

ಆದರೂ ಟೀಚರ್ ನಿಯಮದ ಹಾಳೆಯನ್ನು ಕೆಳಗಿಡಲಿಲ್ಲ. ಮಗುಚಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇಲ್ನೋಡು. ಫಲಿತಾಂಶ ಬರೆಯೋ ಸಹಾಯಕರಿಗೆ ಆಡೋಕೆ ಶುಲ್ಕ ಇಲ್ಲ. ಐದು ವರ್ಷದಿಂದ ಯಾರೂ ಮುಂದೆ ಬಂದಿಲ್ಲ, ನಾನೊಬ್ಬಳೇ ಒದ್ದಾಡ್ತಿದ್ದೀನಿ. ನಿನ್ನ ಅಕ್ಷರ ಹೇಗಿದೆ?"

"ಮುತ್ತು ಪೋಣಿಸಿದ ಹಾಗೆ!" ತಂಗಿಯೇ ಉತ್ತರ ಕೊಟ್ಟಳು. "ಕಾಗೆ ಕಾಲು ಗುಬ್ಬಿ ಕಾಲು ನಂದು."

ಅಂದು ಅಕ್ಕ ತನ್ನ ಆಟ ಮುಗಿಯುತ್ತಲೇ ಗೋಡೆಯ ಪಟ್ಟಿಯಲ್ಲಿ ಫಲಿತಾಂಶ ಬರೆಯಲು ಓಡುತ್ತಿದ್ದಳು. ನಾಲ್ಕನೆಯ ಸುತ್ತಿನಲ್ಲಿ ಸೋತು, ತನ್ನ ಹೆಸರಿನ ಮುಂದೆ ತಾನೇ ಸೊನ್ನೆ ಬರೆದಳು, ದುಂಡಗೆ, ಚೊಕ್ಕವಾಗಿ. ಒಟ್ಟು ಮೂರು ಗೆದ್ದಳು. ತಂಗಿ ಎರಡು.

ಸಂಜೆ ಟೀಚರ್ ಕಾಯಿಗಳನ್ನು ಡಬ್ಬಿಗೆ ತುಂಬುವಾಗ ಅಮ್ಮ ಹತ್ತಿರ ಬಂದು ನಿಂತಳು.

"ನಿಮ್ಮ ಉಪಕಾರ..."

"ಉಪಕಾರ ನಿಮ್ಮದಮ್ಮ. ಐದು ವರ್ಷದಲ್ಲಿ ಇವತ್ತೇ ನಾನು ಕೂತು ಒಂದು ಆಟ ಪೂರ್ತಿ ನೋಡಿದ್ದು. ಮುಂದಿನ ಸಲವೂ ಕಳಿಸ್ತೀರಾ?"

ಅಮ್ಮ ತಲೆಯಾಡಿಸಿದಳು. ಪಕ್ಕದ ಕುರ್ಚಿಗಳನ್ನು ಒಂದೊಂದಾಗಿ ಮಡಚಿಡತೊಡಗಿದಳು. ಬಾಗಿಲ ಬಳಿ ಅಕ್ಕ ತಂಗಿ ನಾಲ್ಕನೆಯ ಸುತ್ತಿನ ಆಟವನ್ನು ಬಾಯಲ್ಲೇ ಮತ್ತೆ ಆಡುತ್ತಿದ್ದರು.