ಹನ್ನೊಂದನೇ ಆ್ಯಪ್

ಪ್ರತಿ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮಂಜರಿ ಬಿಳಿ ಹಲಗೆಯ ಮೇಲೆ ಒಂದರಿಂದ ಹತ್ತರವರೆಗೆ ಅಂಕಿ ಬರೆಯುತ್ತಿದ್ದಳು. ಹೊರದೇಶಕ್ಕೆ ಓದಲು ಹೋಗುವವರಿಗೆ ಸೀಟು, ವೀಸಾ ಮಾಡಿಸಿಕೊಡುವ ಆ ಕಚೇರಿ ಪುಣೆಯ ಕೋಥರೂಡದಲ್ಲಿ ಒಂದು ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿತ್ತು. ವಿಮಾನ ಹತ್ತುವ ಮುನ್ನ ಮಕ್ಕಳ ಫೋನಿನಲ್ಲಿ ಯಾವ ಯಾವ ಆ್ಯಪ್ ಇರಬೇಕು, ಹೇಗೆ ಬಳಸಬೇಕು ಎಂದು ಹೇಳಿಕೊಡುವುದು ಅವಳ ಕೆಲಸ. ಸ್ವತಃ ಅವಳು ವಿಮಾನ ಹತ್ತಿದ್ದು ಒಮ್ಮೆ ಮಾತ್ರ, ಅದೂ ತಿರುಪತಿಗೆ. ಆದರೂ ಜರ್ಮನಿಯ ಆಖೆನ್ ಊರಿನಲ್ಲಿ ಯಾವ ಬಸ್ಸು ಯಾವ ತಿರುವಿನಲ್ಲಿ ನಿಲ್ಲುತ್ತದೆ ಎಂಬುದು ಅವಳಿಗೆ ಕರ್ವೆ ರಸ್ತೆಯಷ್ಟೇ ಬಾಯಿಪಾಠವಾಗಿತ್ತು. ಫೋನಿನ ನಕಾಶೆಯೊಳಗೆ ಬೆರಳಿನಿಂದ ಅಷ್ಟು ಸಲ ಓಡಾಡಿದ್ದಳು.

ಮಕ್ಕಳ ಜೊತೆ ತಂದೆತಾಯಿಯರೂ ಬಂದು ಕೂರುತ್ತಿದ್ದರು. ಬರೆದುಕೊಳ್ಳುತ್ತಿದ್ದವರು ಹೆಚ್ಚಾಗಿ ಅವರೇ. ನಕಾಶೆ, ಬಸ್ಸು-ರೈಲಿನ ವೇಳೆ, ಲೈಬ್ರರಿ, ಡಾಕ್ಟರ ಅಪಾಯಿಂಟ್‌ಮೆಂಟು ಎಲ್ಲ ಮುಗಿದು ಭಾಷಾಂತರದ ಆ್ಯಪ್ ಬಂದಾಗ ಕೋಣೆಗೆ ಜೀವ ಬರುತ್ತಿತ್ತು. ಬಿಸ್ಕತ್ತಿನ ಪೊಟ್ಟಣದ ಮುಂದೆ ಫೋನು ಹಿಡಿದರೆ ಒಳಗೆ ಏನಿದೆಯೆಂದು ಇಂಗ್ಲಿಷಿನಲ್ಲಿ ಓದಿ ಹೇಳುತ್ತದೆ ಎಂದರೆ ಸಾಕು, ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಲ್ಲುತ್ತಿದ್ದಳು. “ತತ್ತಿ ಇದ್ರ ತತ್ತಿ ಅಂತ ಹೇಳ್ತದೇನ್ರಿ?” ಮೊಟ್ಟೆಯಿದ್ದರೆ ಹೇಳುತ್ತದೆ ಎಂದು ಮಂಜರಿ ಭರವಸೆ ಕೊಡುತ್ತಿದ್ದಳು.

ಹನ್ನೊಂದನೆಯದು ಹಲಗೆಯ ಮೇಲೆ ಬರುತ್ತಿರಲಿಲ್ಲ. ತರಗತಿ ಮುಗಿದ ಮೇಲೆ ಹೆಣ್ಣುಮಕ್ಕಳ ತಂದೆಯೋ ತಾಯಿಯೋ ಬಂದು ಬಾಗಿಲ ಬಳಿ ದನಿ ತಗ್ಗಿಸಿ ಕೇಳುತ್ತಿದ್ದರು. ಗಾಜಿನ ಕ್ಯಾಬಿನ್ನಿನಿಂದ ಮಾಲೀಕ ವಿಕಾಸ ಕಣ್ಣಲ್ಲೇ ಹೂಂ ಅನ್ನುತ್ತಿದ್ದ. “ಮ್ಯಾಡಮ್, ತೇವಢಂ ಕರೂನ ಟಾಕಾ,” ಅದೊಂದು ಮಾಡಿಬಿಡಿ ಎಂದು ಮರಾಠಿಯಲ್ಲಿ ಅನ್ನುತ್ತಿದ್ದ. ಮಂಜರಿ ಹುಡುಗಿಯ ಫೋನು ಇಸಿದುಕೊಂಡು, “ಸೇಫ್ಟಿ ಆ್ಯಪ್ ಹಾಕಿಕೊಡ್ತೀನಿ,” ಎಂದು ಎರಡು ನಿಮಿಷ ಬೆರಳಾಡಿಸುತ್ತಿದ್ದಳು. ಅಲ್ಲಿಂದಾಚೆ ಆ ಹುಡುಗಿ ಜಗತ್ತಿನಲ್ಲಿ ಎಲ್ಲಿದ್ದರೂ, ತನಗೇ ತಿಳಿಯದಂತೆ, ಪುಣೆಯ ಒಂದು ಫೋನಿನಲ್ಲಿ ನೀಲಿ ಚುಕ್ಕಿಯಾಗಿ ಕಾಣಿಸುತ್ತಿದ್ದಳು. ಎಲ್ಲಿ ಎಷ್ಟು ಹೊತ್ತು ಇದ್ದಳೆಂಬ ಲೆಕ್ಕವೂ ಅದರಲ್ಲೇ ಸಿಗುತ್ತಿತ್ತು. ಗಂಡುಹುಡುಗರ ತಂದೆ ಒಬ್ಬರೂ ಇದುವರೆಗೆ ಈ ಚುಕ್ಕಿ ಕೇಳಿರಲಿಲ್ಲ. ಗಂಡುಮಕ್ಕಳು ದಾರಿ ತಪ್ಪುವುದಿಲ್ಲವೋ, ತಪ್ಪಿದರೂ ಯಾರ ಗಂಟೂ ಹೋಗುವುದಿಲ್ಲವೋ, ಅವರಿಗೇ ಗೊತ್ತು.

ಮಂಜರಿಗೆ ಇದು ಮೊದಲಿಗೆ ಕಸಿವಿಸಿಯಾಗಿತ್ತು, ಸುಳ್ಳೇಕೆ ಹೇಳಬೇಕು. ಮೊದಲ ವರ್ಷ ಒಬ್ಬ ತಂದೆಗೆ ಆಗುವುದಿಲ್ಲ ಎಂದೂ ಅಂದಿದ್ದಳು. ಆ ತಂದೆ ಮಗಳನ್ನು ಕಳಿಸಲೇ ಇಲ್ಲ. ಅಂದಿನಿಂದ ಅವಳು ಒಂದು ಸಮಾಧಾನ ಕಟ್ಟಿಕೊಂಡಿದ್ದಳು. ಚುಕ್ಕಿ ಇದ್ದರೆ ಹುಡುಗಿ ಹೋಗುತ್ತಾಳೆ, ಇಲ್ಲದಿದ್ದರೆ ಇಲ್ಲ. ತಾನು ಹುಡುಗಿಯರ ಪಕ್ಷವೆಂದು ಗಟ್ಟಿಯಾಗಿ ನಂಬಿದ್ದಳು. ನಂಬದೆ ಆ ಕೆಲಸ ಮಾಡುವುದಾದರೂ ಹೇಗೆ?

ಹರ್ಷದಾಳ ಫೋನಿಗೂ ಅವಳೇ ಚುಕ್ಕಿ ಹಾಕಿದ್ದಳು. ಹರ್ಷದಾ ಪರಕೀಯಳಲ್ಲ. ಅವಳ ತಾಯಿ ಗೋದಾ ಗುರುವಾರದ ಭಜನೆಯಲ್ಲಿ ಮಂಜರಿಯ ಪಕ್ಕದಲ್ಲೇ ಕೂತು ತಾಳ ಹಾಕುವವಳು. ತಂದೆ ಪ್ರಲ್ಹಾದ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಇನ್‌ಸ್ಪೆಕ್ಟರು. ಧಾರವಾಡದ ಕಡೆಯ ಮಡಿವಂತ ಮನೆ. ಆಖೆನ್‌ನಲ್ಲಿ ಎಂ.ಎಸ್. ಓದಲು ಮಗಳಿಗೆ ಸೀಟು ಸಿಕ್ಕಾಗ ಪ್ರಲ್ಹಾದ ಎರಡು ಷರತ್ತು ಹಾಕಿದ. ಒಂದನ್ನು ಮಗಳೆದುರಿಗೇ ಹಾಕಿದ: ಮಾಂಸ ಬೇಯಿಸಿದ ಪಾತ್ರೆಯಲ್ಲಿ ಮಾಡಿದ್ದನ್ನು ತಿನ್ನಬಾರದು. ರಾಯರ ಫೋಟೋ ಮುಟ್ಟಿಸಿ ಆಣೆ ಮಾಡಿಸಿದ. ಇನ್ನೊಂದು ಷರತ್ತು ಮಂಜರಿಯ ಹತ್ತಿರ ಬಾಗಿಲ ಬಳಿ ನಡೆಯಿತು.

ಹುಡುಗಿ ಹೋದಳು. ಗೋದಾ ದಿನಾ ದೀಪ ಹಚ್ಚಿದ ಮೇಲೆ ಗಂಡನ ಫೋನಿನಲ್ಲಿ ಚುಕ್ಕಿಯ ದರ್ಶನ ಮಾಡುತ್ತಿದ್ದಳು. “ನಿಮ್ಮ ಪುಣ್ಯ ಮಂಜರಿ, ಪೋರಿ ಎದುರಿಗೇ ಕೂತಂಗ ಆಗ್ತದ,” ಎಂದು ಭಜನೆಯಲ್ಲಿ ಕೈ ಹಿಡಿದು ಹೇಳಿದಳು. ಮಂಜರಿಗೆ ಅಂದು ಬಹಳ ಸಂತೋಷವಾಗಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ ಅವಳು ಡಬ್ಬಿಗೆ ಪಲ್ಯ ತುಂಬುತ್ತಿದ್ದಾಗ ಪ್ರಲ್ಹಾದನ ಫೋನು ಬಂತು.

“ಒಂದು ವಿಚಾರಸೂದಿತ್ತು. ಆ ಚುಕ್ಕಿ ಎಷ್ಟು ಬರೋಬ್ಬರಿ ಇರ್ತದ್ರಿ?”

ಯಾಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ತನ್ನ ವಿದ್ಯೆಯ ಪ್ರಶ್ನೆ ಬಂದರೆ ಯಾರಿಗೆ ತಾನೇ ಉಬ್ಬು ಬರುವುದಿಲ್ಲ? “ಭಾಳ ಬರೋಬ್ಬರಿ ಇರ್ತದ್ರಿ. ಐದು ಮೀಟರ್ ಆಚೀಚೆ ಆಗೂದಿಲ್ಲ,” ಎಂದಳು.

“ಐದು ಮೀಟರ್,” ಎಂದು ಪ್ರಲ್ಹಾದ ಬರೆದುಕೊಳ್ಳುವವನಂತೆ ಮತ್ತೊಮ್ಮೆ ಅಂದ. “ಉಪಕಾರ ಆತು.”

ಹದಿನೈದು ದಿನಕ್ಕೆ ಹರ್ಷದಾ ಪುಣೆಯಲ್ಲಿದ್ದಳು. ತಾಯಿಯ ಹೃದಯಕ್ಕೆ ಆಪರೇಷನ್ ಎಂದು ಕರೆಸಿಕೊಂಡಿದ್ದರು. ಹುಡುಗಿ ಅಳುತ್ತಾ ಬಂದು ಗಂಟೆ ಒತ್ತಿದರೆ ಬಾಗಿಲು ತೆಗೆದವಳು ಗೋದಾಳೇ, ಎರಡೂ ಕೈಗೆ ಚಪಾತಿ ಹಿಟ್ಟು. ಒಳಗೆ ಕರೆದು ನೀರು ಕೊಟ್ಟರು. ಪಾಸ್‌ಪೋರ್ಟು ಕಪಾಟಿನೊಳಗೆ ಹೋಯಿತು, ಕೀಲಿಕೈ ಪ್ರಲ್ಹಾದನ ಜನಿವಾರಕ್ಕೆ.

ಆದದ್ದು ಇಷ್ಟೇ. ದಿನಾ ಸಂಜೆ ಏಳರಿಂದ ಹತ್ತರವರೆಗೆ ಚುಕ್ಕಿ ಹಾಸ್ಟೆಲಿನಲ್ಲಿ ಇರುತ್ತಿರಲಿಲ್ಲ. ಎರಡು ಬೀದಿ ಆಚೆ, ಒಂದೇ ಕಟ್ಟಡದಲ್ಲಿ ಇರುತ್ತಿತ್ತು. ಪ್ರಲ್ಹಾದ ಮಂಜರಿಯೇ ಕಲಿಸಿದ ನಕಾಶೆಯೊಳಗೆ ಹೊಕ್ಕು ಆ ಕಟ್ಟಡದ ಫೋಟೋ ನೋಡಿದ. ಕೆಳಗೆ ಒಂದು ಬಾರು. ನೊರೆಯುಕ್ಕುವ ಗ್ಲಾಸಿನ ಚಿತ್ರ, ಅದರ ಕೆಳಗೆ ಕೆಂಪು ಕುರ್ಚಿಗಳು. ಇಪ್ಪತ್ತಾರು ದಿನ, ದಿನಕ್ಕೆ ಮೂರು ತಾಸು.

ಹುಡುಗಿ ಹೇಳಿದಳು. ಹಾಸ್ಟೆಲಿನಲ್ಲಿ ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ, ಅವೇ ಪಾತ್ರೆ. ಆಣೆ ಮುರಿಯಬಾರದೆಂದು ಎರಡು ವಾರ ಬ್ರೆಡ್ಡು, ಹಾಲು ತಿಂದು ಕಳೆದಳು. ಕ್ಲಾಸಿನಲ್ಲಿ ತಲೆ ತಿರುಗಿ ಬಿದ್ದಳು. ಆಮೇಲೆ ಆ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಗುಜರಾತಿನ ಒಬ್ಬ ಹುಡುಗಿ, ಅವಳ ಅಣ್ಣ, ಶುದ್ಧ ಸಸ್ಯಾಹಾರದ ಅಡುಗೆಮನೆ ಇಟ್ಟುಕೊಂಡಿರುವುದು ತಿಳಿಯಿತು. ಅಲ್ಲಿ ಹೋಗಿ ಎಲ್ಲರೂ ಸೇರಿ ಅನ್ನ ಸಾರು ಮಾಡಿ ಉಣ್ಣುತ್ತಿದ್ದರು, ಅಲ್ಲೇ ಕೂತು ಓದುತ್ತಿದ್ದರು. ಅಪ್ಪನ ಮಾತು ಉಳಿಸಲು ಹೋದ ಮನೆ ಅದು.

ಪ್ರಲ್ಹಾದ ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಂದ: “ಮ್ಯಾಲಿಂದಕ್ಕೂ ಕೆಳಗಿಂದಕ್ಕೂ ಬಾಗಲಾ ಒಂದ ಹೌದೋ ಅಲ್ಲೋ?”

ಸುದ್ದಿ ತಿಳಿದ ದಿನವೇ ಮಂಜರಿ ಅವರ ಮನೆಗೆ ಓಡಿದಳು. ಚುಕ್ಕಿಗೆ ಮಹಡಿ ಗೊತ್ತಾಗುವುದಿಲ್ಲ, ಅದು ಜಾಗ ಹೇಳುತ್ತದೆಯೇ ಹೊರತು ಎಷ್ಟನೇ ಅಂತಸ್ತು ಎಂದು ಹೇಳುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಪ್ರಲ್ಹಾದ ಕನ್ನಡಕ ತೆಗೆದು ಒರೆಸಿದ.

“ಐದು ಮೀಟರ್ ಅಂತ ನೀವ ಹೇಳಿದ್ರಿ. ನಾಲ್ಕನೇ ಮಜಲಾ ಅಂದ್ರ ಹನ್ನೆರಡು ಮೀಟರ್ ಆತು. ಲೆಕ್ಕ ಕೂಡೂದಿಲ್ಲ. ಈಗ ಮಾತು ತಿರಗಸಬ್ಯಾಡ್ರಿ.”

“ಆದ್ರ ಆ ಐದು ಮೀಟರ್ ಅಡ್ಡ ಲೆಕ್ಕ ರೀ, ಎತ್ತರದ್ದಲ್ಲ…”

“ಚಹಾ ತಗೋರಿ,” ಎಂದ ಪ್ರಲ್ಹಾದ. ಗೋದಾ ಕಪ್ಪು ಇಟ್ಟು ಮುಖ ತಿರುಗಿಸಿ ಒಳಗೆ ಹೋದಳು. ಮುಂದಿನ ಗುರುವಾರದಿಂದ ಭಜನೆಯಲ್ಲಿ ಅವಳು ಕಂಬದ ಆಚೆ ಬದಿಗೆ ಕೂತಳು. ವಿಶ್ವವಿದ್ಯಾಲಯದಿಂದ ಎರಡು ಪತ್ರ ಬಂದವು, ಮೂರನೆಯದರಲ್ಲಿ ಹರ್ಷದಾಳ ಹೆಸರು ತೆಗೆದರು. ಬೆಳಗಾವಿಯಲ್ಲಿ ವರನನ್ನು ನೋಡಿದ್ದಾರಂತೆ ಎಂದು ಯಾರೋ ಅಂದರು.

ಮಾರ್ಚಿನ ಒಂದು ಶನಿವಾರ ತರಗತಿ ಮುಗಿಯುವ ಹೊತ್ತಿಗೆ ಹರ್ಷದಾ ಬಂದಳು. ವೀಸಾ ಫೈಲಿನಲ್ಲಿ ಉಳಿದಿದ್ದ ತನ್ನ ಮೂಲ ಅಂಕಪಟ್ಟಿಗಳು ಬೇಕಿದ್ದವು. ಕೆಳಗೆ ಸ್ಕೂಟರಿನ ಮೇಲೆ ಪ್ರಲ್ಹಾದ ಕಾಯುತ್ತಿದ್ದ. ಹುಡುಗಿ ಸೊರಗಿಹೋಗಿದ್ದಳು. ಹಲಗೆಯ ಮೇಲಿನ ಹತ್ತು ಹೆಸರುಗಳನ್ನು ಒಂದೊಂದಾಗಿ ಓದುತ್ತಾ ನಿಂತಳು.

ಮಂಜರಿ ಕಪಾಟಿನಿಂದ ಫೈಲು ತೆಗೆದುಕೊಟ್ಟಳು. “ಹರ್ಷದಾ, ನಿಮ್ಮಪ್ಪ ಅದು ಇಲ್ಲದ ಕಳಸ್ತಿದ್ದಿಲ್ಲವ್ವಾ. ನೀ ಹೋಗಬೇಕು ಅಂತನ ಹಾಕಿದ್ದೆ,” ಎಂದಳು. ಮೂರು ತಿಂಗಳಿಂದ ಒಳಗೊಳಗೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತು ಅದು. ಆಡಿದ ಮೇಲೆ ಅವಳಿಗೇ ನಾಚಿಕೆಯಾಯಿತು.

“ಗೊತ್ತದ ಕಾಕು,” ಎಂದಳು ಹರ್ಷದಾ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಂಜರಿಗೆ ಎಷ್ಟೋ ಹಗುರವಾಗುತ್ತಿತ್ತು. “ಹಾಕಿದ್ದು ತಪ್ಪಂತ ಅನ್ನೂದಿಲ್ಲ. ನನಗೊಂದು ಮಾತು ಹೇಳಬೇಕಿತ್ತು. ಹೇಳಿದ್ರ ಫೋನು ಹಾಸ್ಟೆಲಿನ್ಯಾಗ ಬಿಟ್ಟು ಊಟಕ್ಕ ಹೋಗ್ತಿದ್ದೆ.”

ಅಷ್ಟೇ. ಎರಡು ನಿಮಿಷದ ಕೆಲಸ, ಒಂದು ಮಾತು. ಮಂಜರಿಗೆ ಅದು ಒಮ್ಮೆಯೂ ಹೊಳೆದಿರಲಿಲ್ಲ. ಹುಡುಗಿಯರ ಪಕ್ಷವಂತೆ!

ಹರ್ಷದಾ ಅಲ್ಲೇ ಬೆಂಚಿನ ಮೇಲೆ ಕೂತು ಅಂಕಪಟ್ಟಿಗಳನ್ನು ಎಣಿಸತೊಡಗಿದಳು. ಅಷ್ಟರಲ್ಲಿ ಒಬ್ಬ ಹೆಂಗಸು ಬಾಗಿಲ ಬಳಿಯಿಂದ ಮಂಜರಿಯನ್ನು ಕರೆದಳು. ಪುಣೆಯಾಚೆಯ ತಳೇಗಾಂವ ದಾಭಾಡೆಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದ ಶರಣಮ್ಮ. ಕಲಬುರಗಿ ಕಡೆಯವಳು. ಮಗಳು ಚಿನ್ನು ನರ್ಸಿಂಗ್ ಕಲಿಯಲು ಜರ್ಮನಿಗೆ ಹೊರಟಿದ್ದಳು. ಅವರ ವಠಾರದಲ್ಲೇ ಊರು ದಾಟಿ ಓದಲು ಹೋಗುವ ಮೊದಲ ಹುಡುಗಿ.

“ಅದೊಂದು ಹಾಕಿಕೊಡ್ತೀರಂತಲ್ರಿ ಬಾಯಾರ. ಅದು ಇಲ್ದ ಇವರಪ್ಪ ಕಳಸಂಗಿಲ್ಲ ಅಂತಾನ್ರಿ.”

ಚಿನ್ನು ನಗುತ್ತಾ ಫೋನು ಚಾಚಿದಳು. ಮಂಜರಿ ಇಸಿದುಕೊಂಡಳು. ಬೆರಳು ತಾವಾಗಿಯೇ ಓಡಿದವು, ಎರಡು ನಿಮಿಷವೂ ಹಿಡಿಯಲಿಲ್ಲ. ಫೋನು ಮರಳಿ ಕೊಡುವಾಗ ಹುಡುಗಿಯ ಕಿವಿಯಲ್ಲಿ ಆ ಒಂದು ಮಾತು ಹೇಳಬೇಕೆಂದು ಬಗ್ಗಿದಳು. ಶರಣಮ್ಮ ಮಗಳ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದಳು. ಗಾಜಿನಾಚೆಯಿಂದ ವಿಕಾಸ ನೋಡುತ್ತಿದ್ದ. ಮಂಜರಿ ಹೇಳದೆಯೇ ನೆಟ್ಟಗಾದಳು.

“ಅದು ತೋರ್ಸೂದು ಖರೇ ಇರ್ತದೇನ್ರಿ?” ಎಂದು ಶರಣಮ್ಮ ಕೇಳಿದಳು.

ಬೆಂಚಿನ ಮೇಲೆ ಕಾಗದದ ಸದ್ದು ನಿಂತಿತು. ಖರೇ ಅಲ್ಲ ಎಂದರೆ ಈ ಹುಡುಗಿ ತಳೇಗಾಂವದಲ್ಲೇ ಉಳಿಯುತ್ತಾಳೆ. ಖರೇ ಎಂದರೆ ಹೋಗುತ್ತಾಳೆ, ಎಷ್ಟು ದಿನಕ್ಕೋ. ಚಿನ್ನು ಇನ್ನೂ ನಗುತ್ತಲೇ ಇದ್ದಳು.

“ಭಾಳ ಬರೋಬ್ಬರಿ ಇರ್ತದ್ರಿ,” ಎಂದಳು ಮಂಜರಿ. “ಐದು ಮೀಟರ್ ಆಚೀಚೆ ಆಗೂದಿಲ್ಲ.”

ಹರ್ಷದಾ ಫೈಲು ಕಂಕುಳಲ್ಲಿಟ್ಟುಕೊಂಡು ಎದ್ದು ಮೆಟ್ಟಿಲಿಳಿದು ಹೋದಳು. ಕೆಳಗೆ ಸ್ಕೂಟರು ಚಾಲೂ ಆದ ಸದ್ದು ಕೇಳಿಸಿತು.