ಲೌರಿಯ ಮೂರನೇ ಗಂಡ

ಮನೆಯ ಬೈಬಲ್ಲಿನ ಮೊದಲ ಪುಟದಲ್ಲಿ ವಂಶದವರ ಹೆಸರುಗಳಿದ್ದವು. ಅದರಲ್ಲಿ ಒಂದು ಹೆಸರನ್ನು ಯಾರೋ ಕಾಗದ ಹರಿಯುವಷ್ಟು ಸಿಟ್ಟಿನಿಂದ ಮಸಿಯಲ್ಲಿ ಗೀಚಿ ಹಾಕಿದ್ದರು. ಬೆಳಕಿಗೆ ಹಿಡಿದರೆ ಈಗಲೂ ಓದಬಹುದಿತ್ತು: ಲೌರಿ ಪ್ರಿಚರ್ಡ್. ಇಥೆಲನಿಗೆ ಹೆಣ್ಣು ಮಗು ಹುಟ್ಟಿ ಮೂರು ವಾರವಾಗಿತ್ತು. ಅದಕ್ಕೆ ಇದೇ ಹೆಸರು ಎಂದು ಅವನು ಹಟ ಹಿಡಿದು ಕೂತ. ಸತ್ತವಳನ್ನೂ ಬಿಡದೆ ಗೀಚಿದ ಆ ಕೈಯ ಮೇಲೆ ಅವನಿಗೆ ಅಷ್ಟು ಉರಿ.

"ಆ ಹೆಸರು ಕೂಗೋದಾದ್ರೆ ಭಾನುವಾರ ನಾಮಕರಣಕ್ಕೆ ನಾನು ಚಾಪೆಲ್ಲಿಗೆ ಬರಲ್ಲ" ಎಂದಳು ಮೆನ್ನಾ ದೊಡ್ಡಮ್ಮ. "ಮೂರು ಗಂಡಂದಿರನ್ನ ನುಂಗಿ ನೀರು ಕುಡಿದೋಳು. ಒಬ್ಬನ ಹೆಣ ತಣ್ಣಗಾಗೋಕೆ ಮುಂಚೆ ಇನ್ನೊಬ್ಬನ ಹಾಸಿಗೆ ಕಾಯಿಸಿದೋಳು. ನಮ್ಮಜ್ಜಿಗೆ ಅವರಮ್ಮ ಹೇಳಿದ್ದು."

"ಅವರಮ್ಮ ಅಂದ್ರೆ ಲೌರಿಯ ಸೊಸೆ ತಾನೆ? ಅತ್ತೆ ಬಗ್ಗೆ ಸೊಸೆ ಹೇಳಿದ್ದನ್ನ ವೇದವಾಕ್ಯ ಅಂತೀಯ! ಚರ್ಚಿನ ಹಳೇ ಕಾಗದ ನೋಡೋಣ ಬಾ. ಅದೂ ಹಾಗೇ ಹೇಳಿದ್ರೆ ನಾನು ಬಾಯಿ ಮುಚ್ಕೋತೀನಿ" ಎಂದ ಇಥೆಲ್.

ತಾಯಿ ಹೋದ ಮೇಲೆ, ನಾಲ್ಕರ ವಯಸ್ಸಿನಿಂದ ಇಥೆಲನನ್ನು ಸಾಕಿದವಳು ಮೆನ್ನಾ. ಅವಳಿಲ್ಲದ ನಾಮಕರಣ ಅವನ ಪಾಲಿಗೆ ನಾಮಕರಣವೇ ಅಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವನದಲ್ಲ.

ಗುರುವಾರ ಮಧ್ಯಾಹ್ನ ಇಬ್ಬರೂ ಊರ ಹಳೆಯ ಚರ್ಚಿಗೆ ಹೋದರು.

"ಚಾಪೆಲ್‌ನೋಳು ನಾನು. ಚರ್ಚಿನೋರ ಪಂಗಡವೇ ಬೇರೆ. ಈ ಹೊಸಿಲು ದಾಟಿದ್ದು ಹೆಣದ ಹಿಂದೆ ಮಾತ್ರ" ಎಂದು ಗೊಣಗುತ್ತಲೇ ದೊಡ್ಡಮ್ಮ ಒಳಗೆ ಬಂದಳು.

"ಈ ಸಲ ಹೆಣ ಇಲ್ಲದೇನೇ ಬಂದಿದೀರಲ್ಲ, ನಮ್ಮ ಭಾಗ್ಯ" ಎಂದು ನಗುತ್ತ ಪಾದ್ರಿ ಟೆಗಿಡ್ ಕಬ್ಬಿಣದ ಪೆಟ್ಟಿಗೆ ತೆರೆದರು. ಮದುವೆಗಳ ಪುಸ್ತಕ, ಮಣ್ಣಾದವರ ಪುಸ್ತಕ ಎರಡೂ ಮೇಜಿಗೆ ಬಂದವು. ಇಥೆಲ್ ಪಕ್ಕದಲ್ಲಿ ಜನಗಣತಿಯ ನಕಲು ಹಾಳೆಗಳನ್ನು ಹರಡಿದ. ಹದಿನೈದಕ್ಕೇ ಶಾಲೆ ಬಿಟ್ಟು ಮಾಡು ಹೊದಿಸುವ ಕೆಲಸ ಹಿಡಿದವನು. ಹಳೆಯ ಕೈಬರಹ ಅವನಿಗೆ ಮುಳ್ಳಿನ ಬೇಲಿ. ದೊಡ್ಡಮ್ಮ ಭೂತಗನ್ನಡಿ ಹಿಡಿದು ಓದಿದಳು.

ಸಾವಿರದ ಎಂಟುನೂರ ನಲವತ್ತೆಂಟು. ಲೌರಿ, ತವರಿನ ಹೆಸರು ಪ್ರಿಚರ್ಡ್, ಇಪ್ಪತ್ತೆರಡು ವರ್ಷ. ಗಂಡ ಗ್ರಿಫಿತ್ ಓವೆನ್, ಸ್ಲೇಟುಕಲ್ಲಿನ ಗಣಿಯವನು. ಸಹಿಯ ಜಾಗದಲ್ಲಿ ಅಕ್ಷರ ಬಾರದ ಅವಳು ಹಾಕಿದ್ದು ಒಂದು ಕತ್ತರಿ ಗುರುತು. ಇಥೆಲ್ ಅದರ ಮೇಲೆ ಬೆರಳಾಡಿಸಿದ. ಲೇಖನಿ ಒತ್ತಿದ ಕಡೆ ಕಾಗದ ಇನ್ನೂ ತಗ್ಗಾಗಿತ್ತು. ನೂರೆಪ್ಪತ್ತು ವರ್ಷ ದಾಟಿದರೂ ಒಬ್ಬ ಹೆಂಗಸಿನ ಕೈಭಾರ ಅಲ್ಲಿ ಉಳಿದಿತ್ತು.

ಐವತ್ತೇಳರ ಸೆಪ್ಟೆಂಬರಿನಲ್ಲಿ ಗ್ರಿಫಿತ್ ಮಣ್ಣಾದ. ಮರುವರ್ಷ ಫೆಬ್ರವರಿಗೆ ಇವಾನ್ ಪ್ಯಾರಿ ಎಂಬ ವಿಧುರನ ಜೊತೆ ಮದುವೆ.

"ಐದೇ ತಿಂಗಳು!" ದೊಡ್ಡಮ್ಮ ಮೇಜು ಗುದ್ದಿದಳು. "ಹೇಳ್ಲಿಲ್ವಾ ನಾನು?"

ಅರವತ್ತೈದರ ಆಗಸ್ಟಿಗೆ ಇವಾನ್ ಹೋದ. ಜನವರಿಗೆ ಮೂರನೇ ಮದುವೆ. ನಡುವೆ ಐದು ತಿಂಗಳು, ಮೂರು ವಾರ.

"ಎಣಿಸೋಕೆ ಬರುತ್ತೆ ನಿಂಗೆ" ಇಥೆಲ್ ರೇಗಿದ. "ಎರಡು ಸಲಾನೂ ಆರು ತಿಂಗಳ ಒಳಗೇ ಯಾಕೆ ಅಂತ ಕೇಳೋಕೆ ಬರಲ್ವಾ?"

ದೊಡ್ಡಮ್ಮ ಮತ್ತೆ ಆ ತಾರೀಖುಗಳತ್ತ ಬಗ್ಗಿದಳು. ಊರಲ್ಲಿ ಗೊತ್ತಿಲ್ಲದವರು ಯಾರು? ಆ ಕಾಲಕ್ಕೆ ಮನೆಗಳೆಲ್ಲ ಗಣಿಯ ಒಡೆಯರವು. ಗಂಡಸು ಸತ್ತರೆ ಆರು ತಿಂಗಳ ಗಡುವು. ಅಷ್ಟರಲ್ಲಿ ಗಣಿಗೆ ಹೋಗುವ ಇನ್ನೊಂದು ಗಂಡಾಳು ಮನೆಯಲ್ಲಿರಬೇಕು; ಇಲ್ಲವಾದರೆ ಹೆಂಗಸು ಮಕ್ಕಳು ಬೀದಿಗೆ, ಆಮೇಲೆ ದಿಕ್ಕಿಲ್ಲದವರ ವಸತಿಗೆ. ಅಲ್ಲಿ ಮಕ್ಕಳು ಒಂದು ಗೋಡೆಯಾಚೆ, ದೊಡ್ಡವರು ಒಂದು ಗೋಡೆಯಾಚೆ.

"ಮೂರನೇ ಮದುಮಗನ ವಯಸ್ಸು ನೋಡಿ" ಎಂದರು ಪಾದ್ರಿ, ಮೆಲ್ಲಗೆ.

ರಾಬರ್ಟ್ ಹ್ಯೂಸ್. ಅರವತ್ತೊಂದು.

"ಹಾಸಿಗೆ ಕಾಯಿಸೋಕೆ ಭಲೇ ಗಂಡು!" ಎಂದ ಇಥೆಲ್.

"ಸುಮ್ನಿರೋ" ಎಂದಳು ದೊಡ್ಡಮ್ಮ, ಆದರೆ ದನಿಯಲ್ಲಿ ಮೊದಲಿನ ಖಾರವಿರಲಿಲ್ಲ. "ಸರಿ, ಮಕ್ಕಳಿಗೋಸ್ಕರ ಮಾಡ್ಕೊಂಡ್ಲು ಅನ್ನು. ಹೊಟ್ಟೇಲಿ ಹುಟ್ಟಿದ ಮಕ್ಕಳಿಗೆ ಯಾವ ತಾಯಿ ಮಾಡಲ್ಲ? ಅದೇನು ದೊಡ್ಡಸ್ತಿಕೆ?"

ಅವಳು ಅರವತ್ತೊಂದನೇ ಇಸವಿಯ ಗಣತಿ ಹಾಳೆ ಎಳೆದುಕೊಂಡಳು. ಎರಡನೇ ಗಂಡನ ಕಾಲದ ಸಂಸಾರ. ಲೌರಿಯ ಮೊದಲ ಗಂಡನ ಮಕ್ಕಳು ಇಬ್ಬರು: ಎಲಿನ್ ಒಂಬತ್ತು, ವಿಲಿಯಂ ಆರು. ಕೆಳಗೆ ಪ್ಯಾರಿ ಮಕ್ಕಳು ಮೂವರು: ಥಾಮಸ್ ಏಳು, ಮೇರಿ ಐದು, ಡೇವಿಡ್ ನಾಲ್ಕು.

"ಈ ಥಾಮಸ್ಸೇ ನಮ್ಮಜ್ಜಿಯ ಅಪ್ಪ" ಎಂದಳು. ಮರುಗಳಿಗೆ ಅವಳ ಬೆರಳು ಮದುವೆಯ ಪುಸ್ತಕಕ್ಕೆ ಓಡಿತು, ಮತ್ತೆ ಗಣತಿಗೆ ಬಂತು. ಮದುವೆಯಾಗಿ ಆಗ ಮೂರು ವರ್ಷ. ಮೂವರೂ ಪ್ಯಾರಿ ಮಕ್ಕಳು ಅದಕ್ಕೂ ಮೊದಲೇ ಹುಟ್ಟಿದವರು. ಸತ್ತ ಇನ್ನೊಬ್ಬ ಹೆಂಗಸಿನ ಮಕ್ಕಳು.

ಇಥೆಲ್ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ. ಯಾರ ಹೆಸರಿಗಾಗಿ ಇಷ್ಟು ದಿನ ಹೊಡೆದಾಡಿದನೋ ಅವಳ ರಕ್ತ ಅವನಲ್ಲಿ ಒಂದು ತೊಟ್ಟೂ ಇಲ್ಲ.

"ಹಾಗಾದ್ರೆ ಎಲಿನ್, ವಿಲಿಯಂ ಎಲ್ಲಿಗೆ ಹೋದ್ರು?" ಎಂದ, ಏನಾದರೂ ಕೇಳಬೇಕೆಂದು. ಮುಂದಿನ ಗಣತಿಯಲ್ಲಿ ಅವರಿರಲಿಲ್ಲ. ಮುದುಕ ರಾಬರ್ಟ್, ಲೌರಿ, ಮೂವರು ಪ್ಯಾರಿ ಮಕ್ಕಳು, ಅಷ್ಟೇ.

ಪಾದ್ರಿ ಮಣ್ಣಾದವರ ಪುಸ್ತಕ ತಿರುವಿದರು. ಅರವತ್ತಮೂರರ ಮಾರ್ಚ್. ಎಲಿನ್ ಓವೆನ್, ಹನ್ನೊಂದು ವರ್ಷ. ಎರಡು ಸಾಲು ಕೆಳಗೆ, ಅದೇ ವಾರ, ವಿಲಿಯಂ ಓವೆನ್, ಎಂಟು ವರ್ಷ.

ಹೆತ್ತ ಎರಡನ್ನೂ ಒಂದೇ ವಾರದಲ್ಲಿ ಮಣ್ಣಿಗಿಟ್ಟವಳು, ಮೂರು ವರ್ಷ ತುಂಬುವ ಮೊದಲೇ ಅರವತ್ತೊಂದರ ಮುದುಕನ ಪಕ್ಕ ನಿಂತು ಇನ್ನೊಂದು ಕತ್ತರಿ ಗುರುತು ಹಾಕಿದ್ದಳು. ಅವಳೊಬ್ಬಳೇ ಆಗಿದ್ದರೆ ಯಾರ ಮನೆಯಲ್ಲಾದರೂ ಕೂಲಿಗೆ ನಿಂತು ಬದುಕಬಹುದಿತ್ತು. ಆ ಮಾಡು ಬೇಕಾಗಿದ್ದದ್ದು ತನ್ನವಲ್ಲದ ಮೂರು ಮಕ್ಕಳಿಗೆ. ಅದರಲ್ಲೊಂದರಿಂದ ದೊಡ್ಡಮ್ಮನ ಅಜ್ಜಿ, ದೊಡ್ಡಮ್ಮ, ಇಥೆಲ್, ಮೂರು ವಾರದ ಆ ಕೂಸು. ಬೆಟ್ಟದ ಕೆಳಗೆ ನಿಂತು ತುದಿ ನೋಡಿದವನ ಹಾಗೆ ಇಥೆಲ್ ಆ ಸಣ್ಣ ಗುರುತನ್ನು ನೋಡುತ್ತ ನಿಂತ. ಅವನ ಕೋಪವೆಲ್ಲ ಎಲ್ಲಿ ಇಳಿದುಹೋಯಿತೋ.

"ಅವಳು ನಮ್ಮ ರಕ್ತ ಅಲ್ಲ, ದೊಡ್ಡಮ್ಮ" ಎಂದ ಕೊನೆಗೆ. "ಹೆಸರು ಕೇಳೋಕೆ ನಂಗೆ ಹಕ್ಕಿಲ್ಲ."

ದೊಡ್ಡಮ್ಮ ಕನ್ನಡಕ ತೆಗೆದು ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

"ರಕ್ತವಂತೆ ರಕ್ತ! ಥಾಮಸ್ ಅವಳ ಕೈಗೆ ಬಂದಾಗ ಎಷ್ಟು ವರ್ಷದೋನು? ನಾಲ್ಕು. ನಾಲ್ಕರ ಮಗು ರಾತ್ರಿ ಎದ್ದು ಅಮ್ಮ ಎಲ್ಲಿ ಅಂತ ಕೇಳುತ್ತಲ್ಲ, ಅದು ನಂಗೊತ್ತು, ನಿಂಗೇನು ಗೊತ್ತು?" ಎಂದು ಗದರಿದಳು. "ಭಾನುವಾರ ಹತ್ತಕ್ಕೆ. ಕೂಸಿಗೆ ಬೆಚ್ಚಗೆ ಹೊದಿಸ್ಕೊಂಡು ಬಾ. ಬರೀ ಲೌರಿ ಅಂತ ಮುಗಿಸ್ಬೇಡ, ಲೌರಿ ಪ್ರಿಚರ್ಡ್ ಅಂತ ಪೂರ್ತಿ ಕೂಗಿಸು. ಮುಂದಿನ ಸಾಲಲ್ಲೇ ಕೂತಿರ್ತೀನಿ. ನಿನ್ನ ದನಿ ಸಣ್ಣಗಾದ್ರೆ ನಾನೇ ಎದ್ದು ಹೇಳ್ತೀನಿ."